ಹದಿನೇಳನೇ ಡ್ರಮ್ಮು

ಮೊದಲು ಹೇಳಿದ್ದು ಕಾವಲಿ. ಫೆಬ್ರವರಿಯ ಒಂದು ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಎರೆಯಲು ಹೆಂಡತಿ ಕಾವಲಿಗೆ ಎಣ್ಣೆ ಬಿಟ್ಟಳು. ಎಣ್ಣೆ ನಡುವೆ ನಿಲ್ಲಲಿಲ್ಲ, ಒಂದೇ ಬದಿಗೆ ಹರಿದು ಅಂಚಿನಲ್ಲಿ ಕೂತಿತು. ಹಿಟ್ಟು ಹೊಯ್ದರೆ ಅದೂ ಅದರ ಹಿಂದೆಯೇ ಹೋಯಿತು. ತೆಳ್ಳೇವು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಕಲು.

"ಒಲೆ ಸೊಟ್ಟಗಿದ್ಯಾ ನೋಡಿ" ಅಂದಳು. ಒಲೆ ನೆಟ್ಟಗೇ ಇತ್ತು. ಸೊಟ್ಟಗಾಗಿದ್ದು ಮನೆ.

ಮನೆ ಅಂದರೆ ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದದ ತೇಲುವ ಕೋಣೆ. ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ಹಿನ್ನೀರಿನಲ್ಲಿ, ಹೆಂಡತಿಯ ತವರಿನ ಹಳೇ ಗಜನಿಯಲ್ಲಿ ಇದೆ. ಗಜನಿ ಅಂದರೆ ಕಟ್ಟು ಹಾಕಿ ಉಪ್ಪು ನೀರನ್ನು ತಡೆದ ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಆಮೇಲೆ ಜಂತ್ರಡಿ (ಕಟ್ಟಿನ ನೀರು ಬಾಗಿಲು) ತೆಗೆದು ನೀರು ಬಿಟ್ಟು ಸಿಗಡಿ, ಮೀನು ಹಿಡಿಯುವುದು ಇಲ್ಲಿಯ ಪದ್ಧತಿ. ನಮ್ಮ ಗಜನಿಯ ಕಟ್ಟು ಒಡೆದು ಎಷ್ಟೋ ವರ್ಷವಾಯಿತು. ಈಗ ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ನಡುವೆ ದಿನಕ್ಕೆ ಎರಡು ಸಲ ಏರಿ ಇಳಿಯುವ ನೀರು. ಕರೆಂಟು ಕಂಬ ದೂರ, ಕುಡಿಯುವ ನೀರಿನ ಬಾವಿ ಅದಕ್ಕಿಂತ ದೂರ. ವಾರದಲ್ಲಿ ನಾಲ್ಕು ದಿನ ಇಲ್ಲೇ ಇರುತ್ತೇವೆ. ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ, ಎಲ್ಲಿ ಕೂತರೂ ಆಗುತ್ತದೆ.

ನಾನು ಶಿರಸಿ ಕಡೆಯವನು. ಈ ಹೊಳೆಯೂ ಶಿರಸಿಯದೇ, ಊರ ಶಂಕರಹೊಂಡದಲ್ಲಿ ಹುಟ್ಟಿದ್ದು. ನಾನು ದೇವಿಮನೆ ಘಟ್ಟದಲ್ಲಿ ಬಸ್ಸು ಹತ್ತಿ ಇಳಿದೆ, ಅದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಇಳಿಯಿತು, ಅಷ್ಟೇ ವ್ಯತ್ಯಾಸ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದಲ್ಲಿ ನನಗೆ ಹವಾಮಾನ ವರದಿಗಿಂತ ಊರಿಂದ ಆಯಿಯ (ಅಮ್ಮನ) ಫೋನು ಮುಖ್ಯ. "ಇಲ್ಲಿ ರಾತ್ರಿಯಿಡೀ ಹೊಯ್ದಿದ್ದು ಮಾರಾಯಾ" ಅಂದರೆ ಸಾಕು, ಹಗ್ಗ ನೋಡಲು ಏಳುತ್ತೇನೆ.

ತಳದ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಪ್ಪತ್ತು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಎಲ್ಲ ಮಲಗಿಸಿದ್ದು. ಮೇಲೆ ಜಿಐ ಪೈಪಿನ ಚೌಕಟ್ಟು, ಅದರ ಮೇಲೆ ಅಡಿಕೆ ದಬ್ಬೆಯ ನೆಲ. ಗೋಡೆಗೂ ದಬ್ಬೆ, ಮಾಡಿಗೆ ತಗಡು. ಪೂರ್ತಿ ಮುಳುಗಿದರೆ ಒಂದು ಡ್ರಮ್ಮು ಸುಮಾರು 200 ಕಿಲೋ ಎತ್ತುತ್ತದೆ, ಇಪ್ಪತ್ತಕ್ಕೆ 4000. ಕೋಣೆ, ನೀರಿನ ಟ್ಯಾಂಕು, ಬ್ಯಾಟರಿ, ಪಾತ್ರೆ, ನಾವಿಬ್ಬರು, ಬಂದ ನೆಂಟರು ಎಲ್ಲ ಸೇರಿ 1900 ಆಸುಪಾಸು. ಅಂದರೆ ಡ್ರಮ್ಮು ಅರ್ಧ ಮುಳುಗಿ ಅರ್ಧ ಮೇಲಿರುತ್ತದೆ. ಇದೇ ಸರಿಯಾದ ಅಳತೆ. ದುಂಡನೆಯ ಡ್ರಮ್ಮು ಅರ್ಧ ಮುಳುಗಿದಾಗ ನೀರಿನ ಮಟ್ಟದಲ್ಲಿ ಅದರ ಅಗಲ ಅತಿ ಹೆಚ್ಚು, ಹಾಗಾಗಿ ಅಲುಗಾಟ ಕಡಿಮೆ.

ಪ್ರತಿ ಡ್ರಮ್ಮಿಗೂ ಬಣ್ಣದಲ್ಲಿ ನಂಬರು ಬರೆದಿದ್ದೆ. ಆಗ ಅದು ಸುಮ್ನೆ ಶೋಕಿ ಅನಿಸಿತ್ತು.

ಕಾವಲಿ ಹೇಳಿದ ದಿನವೇ ಮಟ್ಟ ನೋಡುವ ಟ್ಯೂಬು ರಸಮಟ್ಟ ತಂದು ನಾಲ್ಕು ಮೂಲೆ ಅಳೆದೆ. ಈಶಾನ್ಯಕ್ಕೂ ನೈಋತ್ಯಕ್ಕೂ ನಾಲ್ಕು ಇಂಚಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ವಾಸ್ತು ಹೇಳುವವರ ಪ್ರಕಾರ ನೈಋತ್ಯ ಎತ್ತರ ಇರಬೇಕಂತೆ. ನಮ್ಮದು ಸರಿಯಾಗಿ ಅದೇ ಮೂಲೆಯಲ್ಲಿ ಮುಳುಗುತ್ತಿತ್ತು.

ಇಲ್ಲಿಂದ ನನ್ನ ತಪ್ಪುಗಳ ಪಟ್ಟಿ. ಮೊದಲ ಅನುಮಾನ ನೀರಿನ ಟ್ಯಾಂಕಿನ ಮೇಲೆ. 300 ಲೀಟರಿನ ಅದು ಆ ಕಡೆ ಗೋಡೆಗೇ ಇತ್ತು. ಖಾಲಿ ಮಾಡಿ ಈಚೆ ತಂದೆ. ಮೂಲೆ ಒಂದಿಷ್ಟು ಎದ್ದಿತು, ಪೂರ್ತಿ ಏಳಲಿಲ್ಲ. ಎರಡನೇ ಅನುಮಾನ ಚಿಪ್ಪಿನ ಮೇಲೆ. ಬೇಸಿಗೆಯಲ್ಲಿ ನೀರು ಉಪ್ಪಾದಾಗ ಡ್ರಮ್ಮಿನ ಹೊಟ್ಟೆಗೆ ಬಾರ್ನಕಲ್ ಅಂಟುತ್ತದೆ, ಸುಣ್ಣದ ಪುಟ್ಟ ಗೂಡುಗಳ ಹಾಗೆ. ಅದರ ಮೇಲೆ ಕಲ್ವ ಚಿಪ್ಪು. ಒಂದು ದಿನವಿಡೀ ನೀರಲ್ಲಿ ನಿಂತು ಕೆರೆದೆ. ಎರಡು ಬುಟ್ಟಿ ಚಿಪ್ಪು ಬಂತು, ಎರಡು ಬೆರಳು ಕೊಯ್ದುಕೊಂಡೆ. ಮೂಲೆ ಒಂದು ಗೆರೆಯೂ ಮೇಲೆ ಬರಲಿಲ್ಲ. ನೀರಿನೊಳಗೆ ಚಿಪ್ಪಿನ ಭಾರ ಹೊರಗಿನಷ್ಟು ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಲ್ಲದೆ ಇದನ್ನು ಕೆರೆಯಲೇಬೇಕು ಅಂತಿಲ್ಲ. ಜೂನ್‌ನಲ್ಲಿ ಘಟ್ಟದ ಹೊಸ ನೀರು ಬಂದರೆ ಹೊಳೆ ಸಿಹಿಯಾಗುತ್ತದೆ, ಉಪ್ಪು ಬೇಕಾದ ಈ ಜೀವಿಗಳು ಸಾಯುತ್ತವೆ, ಎಷ್ಟೋ ತಾವೇ ಉದುರುತ್ತವೆ. ಒಂದು ವಾರ ವಾಸನೆ ತಡೆದುಕೊಂಡರಾಯಿತು.

ಮೂರನೇ ಅನುಮಾನ ಡ್ರಮ್ಮಿನೊಳಗೆ ನೀರು ಹೊಕ್ಕಿರಬೇಕು ಅಂತ. ಇದು ಮೊದಲೇ ಬರಬೇಕಿತ್ತು, ಅಲ್ವಾ? ನೆಲದ ದಬ್ಬೆ ತೆಗೆದು, ಮೇಲಿನಿಂದ ಕೋಲು ಹಾಕಿ ಒಂದೊಂದೇ ಡ್ರಮ್ಮು ಬಡಿದೆ. ಇಪ್ಪತ್ತೂ "ಢಂ" ಅಂದವು. ಎಲ್ಲ ಖಾಲಿ!

ಸಂಜೆ ಪಾತಿ ದೋಣಿಯಲ್ಲಿ ಬಲೆ ಬಿಡಲು ಬಂದ ಅಜ್ಜ ನನ್ನ ಕಥೆಯೆಲ್ಲ ಕೇಳಿದ. ದೋಣಿಯಿಂದ ಇಳಿಯಲೂ ಇಲ್ಲ.

"ಭಟ್ರೆ, ಹಲಸಿನ ಹಣ್ಣು ನೆತ್ತಿಗೆ ಬಡಿದು ನೋಡ್ತ್ರಾ? ಹೊಟ್ಟೆಗೆ ಬಡೀರಿ."

ಹುಟ್ಟಿನ ಹಿಡಿಯಿಂದ ಹದಿನೇಳನೇ ಡ್ರಮ್ಮಿನ ಪಕ್ಕೆಗೆ, ನೀರಿನ ಮಟ್ಟದಲ್ಲಿ, ಮೆತ್ತಗೆ ಒಂದು ಕೊಟ್ಟ. "ದಪ್." ಪಕ್ಕದ ಹದಿನೆಂಟಕ್ಕೆ ಕೊಟ್ಟ. "ಢಂ." ಅರ್ಧ ತುಂಬಿದ ಡ್ರಮ್ಮಿನ ಮೇಲ್ಭಾಗದಲ್ಲಿ ಗಾಳಿಯೇ ಇರುತ್ತದೆ, ಮೇಲೆ ಬಡಿದರೆ ಖಾಲಿಯಂತೆ ಕೇಳದೆ ಇನ್ನೇನು? ಹದಿಮೂರರಲ್ಲೂ ಸ್ವಲ್ಪ ನೀರಿದ್ದ ಹಾಗಿತ್ತು, ಇನ್ನೂ ಕೆಳಗೆ ಬಡಿದಾಗ ಮಾತ್ರ ಸದ್ದು ಬದಲಾಗುತ್ತಿತ್ತು.

ಅರ್ಧ ಮುಳುಗುವ ಡ್ರಮ್ಮಿನಲ್ಲಿ ಅರ್ಧ ನೀರು ತುಂಬಿತು ಅಂದರೆ ಅದು ಎತ್ತುವ ಭಾರ ಸೊನ್ನೆ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೂಲೆಯಲ್ಲಿ 100 ಕಿಲೋ ಆಸರೆ ಹೋಗಿತ್ತು. ನಾಲ್ಕು ಇಂಚಿನ ಲೆಕ್ಕ ಕೂಡಿ ಬಂತು.

ಆದರೆ ನೀರು ಹೊಕ್ಕಿದ್ದು ಎಲ್ಲಿಂದ? ಡ್ರಮ್ಮಿನಲ್ಲಿ ಬಿರುಕು ಕಾಣಲಿಲ್ಲ. ಅದರ ಮುಖದಲ್ಲಿರುವ ಎರಡೂ ಬಿರಡೆ (ಬಾಯಿಯ ತಿರುಪು ಮುಚ್ಚಳ) ಬಿಗಿಯಾಗಿಯೇ ಇದ್ದವು. ಎರಡು ರಾತ್ರಿ ಇದೇ ಯೋಚನೆ. ಉತ್ತರ ಹೊಳೆದದ್ದು ಹದಿನೇಳು, ಹದಿಮೂರು ಎರಡೂ ಪಡುವಣ ಸಾಲಿನವು ಎಂದು ಗಮನಿಸಿದಾಗ. ಮಧ್ಯಾಹ್ನದ ಮೇಲಿನ ಬಿಸಿಲು ನೇರವಾಗಿ ಬೀಳುವುದು ಆ ಸಾಲಿಗೆ. ಅದರಲ್ಲೂ ಮೂಲೆಯದಕ್ಕೆ ಎರಡು ಕಡೆಯಿಂದ.

ಡ್ರಮ್ಮು ಉಸಿರಾಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ 45 ಡಿಗ್ರಿ ತನಕ ಕಾಯುತ್ತದೆ ಅಂತಿಟ್ಟುಕೊಳ್ಳಿ. ರಾತ್ರಿ 26ಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಗಾಳಿ ಶೇಕಡಾ 6ರಷ್ಟು ಕುಗ್ಗುತ್ತದೆ. 200 ಲೀಟರಿಗೆ 12 ಲೀಟರ್ ಜಾಗ. ಬಿಸಿ ಸಾರು ತುಂಬಿ ಮುಚ್ಚಿದ ಡಬ್ಬಿ ತಣಿದ ಮೇಲೆ ಮುಚ್ಚಳ ಕಚ್ಚಿಕೊಳ್ಳುತ್ತದಲ್ಲ, ಅದೇ ಎಳೆತ. ಬಿರಡೆಯ ರಬ್ಬರು ಸ್ವಲ್ಪ ಸೋತಿದ್ದರೆ ಸಾಕು, ಹಗಲು ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ನೀರು ಒಳಗೆ ಬರುತ್ತದೆ. ಒಂದು ಸಲಕ್ಕೆ ಒಂದು ಲೋಟ ಬಂದರೂ ವರ್ಷಕ್ಕೆ ಎಷ್ಟಾಯಿತು?

ಇನ್ನೊಂದು ತಪ್ಪು ನನ್ನದೇ. ಕೂರಿಸುವಾಗ ಎರಡು ಬಿರಡೆಯನ್ನೂ ಎಡಕ್ಕೊಂದು ಬಲಕ್ಕೊಂದು ಬರುವಂತೆ ಇಟ್ಟಿದ್ದೆ. ಎರಡೂ ಮುಳುಗದೆ ನೀರಿನ ಮಟ್ಟದಲ್ಲಿರಲಿ ಎಂಬ ಜಾಣತನ. ಒಳಗೆ ಬಂದ ನೀರು ತಳಕ್ಕೆ ಹೋಗಿ ಕೂರುತ್ತದೆ. ಹಗಲು ಗಾಳಿ ಉಬ್ಬಿದಾಗ ಹೊರಗೆ ಹೋಗುವುದು ಗಾಳಿಯೇ ಹೊರತು ನೀರಲ್ಲ, ಯಾಕೆಂದರೆ ಬಾಯಿ ಇರುವುದು ಮೇಲೆ. ಅಂದರೆ ಒಳಗೆ ಬರಲು ದಾರಿ ಇದೆ, ಹೊರಗೆ ಹೋಗಲು ಇಲ್ಲ. ಒಂದು ಬಿರಡೆ ತೀರಾ ಕೆಳಗಿದ್ದಿದ್ದರೆ ರಾತ್ರಿ ಕುಡಿದದ್ದನ್ನು ಹಗಲು ಉಗುಳಿಬಿಡುತ್ತಿತ್ತು.

ರಬ್ಬರು ಸೋತದ್ದಕ್ಕೂ ಕಾರಣ ಇದೆ. ಡ್ರಮ್ಮು ಗುಜರಿ ಅಂಗಡಿಯವು. ಮೊದಲು ಏನು ತುಂಬಿದ್ದರು ಅಂತ ನಾನು ಕೇಳಲೇ ಇಲ್ಲ. ಹದಿನೇಳರ ರಬ್ಬರು ರಿಂಗು ಉಬ್ಬಿ, ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿತ್ತು. ಡ್ರಮ್ಮು ಕೊಳ್ಳುವವರು ಕೇಳಿ. ಅಡುಗೆ ಎಣ್ಣೆ, ಶರಬತ್ತಿನ ಪಾಕ ತುಂಬಿದ್ದಾದರೆ ಅಡ್ಡಿಯಿಲ್ಲ. ರಾಸಾಯನಿಕ ತುಂಬಿದ್ದು ಬೇಡ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಹೇಳಿ? ಕೆಳಗೆ ಹೆಂಗಸರು ಇಳಿತದಲ್ಲಿ ಬಳಚು (ತಿನ್ನುವ ಚಿಪ್ಪು) ಆರಿಸುತ್ತಿರುತ್ತಾರೆ. ಬಳಚು ನೀರು ಸೋಸಿಯೇ ಬದುಕುವ ಜೀವ, ನಾವು ಬಿಟ್ಟದ್ದೆಲ್ಲ ಅದರ ಹೊಟ್ಟೆಗೆ, ಅಲ್ಲಿಂದ ಯಾರದೋ ಊಟದ ಬಟ್ಟಲಿಗೆ.

ಇದೇ ಕಾರಣಕ್ಕೆ ನಮ್ಮ ಪಾಯಿಖಾನೆಯೂ ಒಣದು. ಬಕೆಟ್ಟು, ಬೂದಿ, ತೆಂಗಿನ ನಾರಿನ ಪುಡಿ. ತುಂಬಿದ ಮೇಲೆ ದಡಕ್ಕೆ ಒಯ್ದು ಗುಂಡಿಯಲ್ಲಿ ಮುಚ್ಚುವುದು, ವರ್ಷ ಕಳೆದ ಮೇಲೆ ತೆಂಗಿನ ಬುಡಕ್ಕೆ. ಪಾತ್ರೆ ತೊಳೆದ ನೀರೂ ಬಕೆಟ್ಟಿನಲ್ಲಿ ದಡಕ್ಕೇ ಹೋಗುತ್ತದೆ. ಅಂಟುವಾಳ ಹಾಕಿ ತೊಳೆದರೆ ಹೊಳೆಗೆ ಬಿಡಬಹುದು, ನೈಸರ್ಗಿಕ ತಾನೇ ಅಂತ ಬಂದವರೆಲ್ಲ ಹೇಳುತ್ತಾರೆ. ಅಂಟುವಾಳದ ನೊರೆ ಮೀನಿಗೆ ವಿಷ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಆದರೆ ಆ ಪಟ್ಟಿ ನೋಡಿ ನಾನು ಬಕೆಟ್ಟು ಹೊರುತ್ತಿಲ್ಲ. ಬಳಚು ಆರಿಸುವವರ ಮುಖ ನೋಡಿ ಹೊರುತ್ತೇನೆ.

ಮಾತು ಎಲ್ಲಿಗೋ ಹೋಯಿತು. ಡ್ರಮ್ಮು ಬದಲಿಸಿದ್ದು ಹೇಳಬೇಕಿತ್ತು.

ಎರಡು ಟನ್ನಿನ ಕೋಣೆಯನ್ನು ಎತ್ತುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಜಾಕ್ ಇಡೋಣ ಅಂದರೆ ಕೆಳಗೆ ಬರೀ ಕೆಸರು. ಕೊನೆಗೆ ಕೋಣೆಯನ್ನು ಎತ್ತಲೇ ಇಲ್ಲ. ಡ್ರಮ್ಮನ್ನೇ ಇಳಿಸಿದೆ. ನೀರು ಪೂರ್ತಿ ತುಂಬಿದ ಡ್ರಮ್ಮು ನೀರಿನಲ್ಲಿ ಮೇಲಕ್ಕೂ ಒತ್ತುವುದಿಲ್ಲ, ಕೆಳಕ್ಕೂ ಎಳೆಯುವುದಿಲ್ಲ. ಅದರ ಪ್ಲಾಸ್ಟಿಕ್ಕು ನೀರಿಗಿಂತ ಒಂಚೂರು ಹಗುರ, ಹಾಗಾಗಿ ಮುಳುಗಿ ಕಳೆದೂ ಹೋಗುವುದಿಲ್ಲ. ದಡದಲ್ಲಿ 200 ಕಿಲೋ ತೂಗುವುದನ್ನು ನೀರಿನಲ್ಲಿ ಒಂದು ಕೈಯಲ್ಲಿ ನೂಕಬಹುದು.

ದಿನ ಆರಿಸಿದ್ದು ಅಷ್ಟಮಿಯ ಮರುದಿನ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಆಗ ಕೋಣೆಯ ಒಂದು ಬದಿ ಕೆಸರಿಗೆ ಕೂರುವುದೂ ಉಂಟು. ಅಷ್ಟಮಿ ಹೊತ್ತಿಗೆ ನೀರಿಗೆ ಸೋಮಾರಿತನ. ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ, ಸೊಂಟದ ಮೇಲೆ ಎದೆಯ ಕೆಳಗೆ ಎರಡು ಮೂರು ತಾಸು ನಿಂತಿರುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅದನ್ನು ಲೆಕ್ಕ ಹಾಕಿ ಬೆಳಿಗ್ಗೆ ಒಂಬತ್ತಕ್ಕೆ ಇಳಿದೆವು. ನಾನು, ಅಜ್ಜ, ಮೇಲೆ ಹೆಂಡತಿ. ಇದು ಒಬ್ಬರೇ ಮಾಡುವ ಕೆಲಸ ಅಲ್ಲ. ಚೌಕಟ್ಟಿನ ಕೆಳಗೆ ತಲೆ ಹಾಕುವುದಂತೂ ಬೇಡವೇ ಬೇಡ. ಕೈ ಎಟಕುವಷ್ಟೇ ಸಾಕು.

ಹಳೇ ಡ್ರಮ್ಮು ಸುಲಭಕ್ಕೆ ಬಂತು. ಎರಡೂ ಬಿರಡೆ ಬಿಚ್ಚಿದೆ, ಗುಳುಗುಳು ಅಂತ ತುಂಬಿತು, ಹಗ್ಗ ಕೊಯ್ದೆ, ಕಾಲಲ್ಲಿ ಕೆಳಗೆ ಒತ್ತಿ ಹೊರಗೆ ಎಳೆದೆ. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲವಾಗುತ್ತದೆ ಅಂತ ಅಲ್ಲಿ ಕಣ್ಣಾರೆ ಕಂಡೆ. ಎರಡು ವರ್ಷದ ಹಿಂದೆ ಪಿಟೀಲಿನ ತಂತಿಯ ಹಾಗೆ ಬಿಗಿದದ್ದು ಈಗ ತೊಟ್ಟಿಲು ಕಟ್ಟುವಷ್ಟು ಜೋಲುತ್ತಿತ್ತು. ಈ ಸಲ ಲಾರಿಯವರು ಸಾಮಾನು ಬಿಗಿಯುವ ಪಾಲಿಯೆಸ್ಟರ್ ಪಟ್ಟಿ ಹಾಕಿದೆ. ಪೈಪಿಗೆ ಉಜ್ಜುವಲ್ಲಿ ಹಳೇ ಸೈಕಲ್ ಟ್ಯೂಬು ಸುತ್ತಿದೆ.

ಹೊಸ ಡ್ರಮ್ಮಿನ ಒಂದು ಬಿರಡೆಗೆ ಮೊದಲೇ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ್ದೆ. ರಬ್ಬರಿನದಲ್ಲ, ನಟ್ಟು ಹಾಕಿ ಬಿಗಿಯುವ ಹಿತ್ತಾಳೆಯದು. ಪಂಕ್ಚರ್ ಅಂಗಡಿಯವನು ಇಪ್ಪತ್ತು ವಾಲ್ವ್ ಕೇಳಿದ್ದಕ್ಕೆ "ಯಾವ ಲಾರಿ?" ಅಂದ. ಮನೆಗೆ ಅಂದೆ. ಆಮೇಲೆ ಅವನು ಏನೂ ಕೇಳಲಿಲ್ಲ.

ಡ್ರಮ್ಮಿಗೆ ನೀರು ತುಂಬಿ ಮುಳುಗಿಸಿ, ಜಾಗಕ್ಕೆ ನೂಕಿ, ವಾಲ್ವಿನ ಬಿರಡೆ ನೆತ್ತಿಗೆ, ಇನ್ನೊಂದು ತಳಕ್ಕೆ ಬರುವಂತೆ ತಿರುಗಿಸಿದೆವು. ತಳದ್ದು ತೆರೆದೇ ಇತ್ತು. ಕಾರಿನ ಟೈರಿಗೆ ಗಾಳಿ ಹಾಕುವ 12 ವೋಲ್ಟಿನ ಸಣ್ಣ ಪಂಪನ್ನು ಸೋಲಾರ್ ಬ್ಯಾಟರಿಗೆ ಕೊಟ್ಟು, ವಾಲ್ವಿಗೆ ಸಿಕ್ಕಿಸಿದೆ. ಮೇಲಿನಿಂದ ಗಾಳಿ ಒಳಗೆ, ತಳದ ಬಾಯಿಂದ ನೀರು ಹೊರಗೆ. ಹತ್ತು ನಿಮಿಷಕ್ಕೊಮ್ಮೆ ಪಂಪು ಕೈ ಸುಡುವಷ್ಟು ಕಾಯುತ್ತದೆ, ನಿಲ್ಲಿಸಿ ತಣಿಸಬೇಕು.

ಮೊದಲ ಸಲ ಕೆಟ್ಟಿತು. ಅವಸರಕ್ಕೆ ಒಂದೇ ಪಟ್ಟಿ ಬಿಗಿದಿದ್ದೆ. ಗಾಳಿ ತುಂಬುತ್ತಾ ಬಂದ ಹಾಗೆ ಡ್ರಮ್ಮು ಹಂದಿಯ ಹಾಗೆ ಹೊರಳಿತು. ತಳದಲ್ಲಿದ್ದ ಬಾಯಿ ಪಕ್ಕಕ್ಕೆ ಬಂತು. ಅಲ್ಲಿಂದ ಮುಂದೆ ಪಂಪು ಎಷ್ಟು ಊದಿದರೂ ಹೊರಗೆ ಬಂದದ್ದು ಬರೀ ಗುಳ್ಳೆ, ಒಳಗೆ ಅರ್ಧ ನೀರು ಹಾಗೇ. ಅಜ್ಜ ನಕ್ಕ. "ಇದು ಎಮ್ಮೆ ಮೀಸೂದಕ್ಕಿಂತ ಕಷ್ಟ ಕಾಣ್ತದೆ" ಅಂದ. ಮತ್ತೆ ತುಂಬಿಸಿ, ಮತ್ತೆ ತಿರುಗಿಸಿ, ಈ ಸಲ ಎರಡೂ ಪಟ್ಟಿ ಬಿಗಿದು, ಎರಡು ಬಿರಡೆಗೂ ನೇರಕ್ಕೆ ಬಣ್ಣದ ಗೆರೆ ಎಳೆದ ಮೇಲೆ ಪಂಪು ಹಾಕಿದೆ. ತಣಿಸುವ ಹೊತ್ತೂ ಸೇರಿ ಇಪ್ಪತ್ತು ನಿಮಿಷ. ಕೋಣೆ ಏಳುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಮೇಲೆ ಹೆಂಡತಿ ನೆಲದ ಮೇಲೆ ಒಂದು ಗೋಲಿ ಇಟ್ಟುಕೊಂಡು ಕೂತಿದ್ದಳು. "ನಿಂತ್ತು, ನಿಂತ್ತು!" ಅಂತ ಕೂಗಿದಳು.

ತಳದ ಬಿರಡೆ ಹಾಕುವುದು ಕುರುಡು ಕೆಲಸ. ಮೊಣಕೈ ತನಕ ನೀರಲ್ಲಿ ಕೈ ಹಾಕಿ, ಕಾಣದೆ ಬಿರಡೆಯ ಮರೆ (ತಿರುಪಿನ ಗೆರೆ) ಕೂರಿಸಬೇಕು. ಸೊಟ್ಟ ಹತ್ತಿದರೆ ಮತ್ತೆ ಅದೇ ಸೋರಿಕೆ. ಮೊದಲು ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕಡೆ "ಟಕ್" ಅಂತ ಬಿರಡೆ ಕೆಳಗೆ ಬಿದ್ದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ನೇರ ಹತ್ತುತ್ತದೆ. ಉಪ್ಪಿನಕಾಯಿ ಭರಣಿಯ ತಿರುಪು ಮುಚ್ಚಳಕ್ಕೂ ಇದೇ ಉಪಾಯ.

ಇನ್ನು ಉಸಿರಾಟ ನಿಲ್ಲಿಸಬೇಕಲ್ಲ. ವಾಲ್ವ್ ಹಾಕಿದ್ದು ಬರೀ ನೀರು ಊದಿ ತೆಗೆಯಲು ಅಲ್ಲ. ಡ್ರಮ್ಮಿನೊಳಗೆ ಹೊರಗಿನದಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ ಇಟ್ಟರೆ ಅದು ರಾತ್ರಿ ಕುಗ್ಗಿದರೂ ನೀರು ಎಳೆಯುವುದಿಲ್ಲ. ಜಾಸ್ತಿ ಅಂದರೆ ಟೈರಿನಷ್ಟಲ್ಲ. ಅಷ್ಟು ಹಾಕಿದರೆ ಡ್ರಮ್ಮು ಉಬ್ಬಿ ಒಡೆಯುತ್ತದೆ, ಹತ್ತಿರ ಇದ್ದವರ ಗತಿ ಕೇಳುವುದೇ ಬೇಡ. ಟೈರಿನ ಗೇಜಿಗೆ ಇಷ್ಟು ಕಡಿಮೆ ಒತ್ತಡ ತಿಳಿಯುವುದೂ ಇಲ್ಲ. ಅದಕ್ಕೆ ರಸಮಟ್ಟದ ಟ್ಯೂಬೇ ಬಂತು. ಅದರೊಳಗೆ ನೀರು ಹಾಕಿ ಯು ಆಕಾರಕ್ಕೆ ಗೋಡೆಗೆ ಕಟ್ಟಿದೆ. ಒಂದು ತುದಿ ವಾಲ್ವಿಗೆ, ಇನ್ನೊಂದು ಬಯಲಿಗೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಬೆಳಿಗ್ಗೆ ತಣ್ಣಗಿರುವಾಗ ಒಂದು ಮೀಟರ್ ವ್ಯತ್ಯಾಸ ಬರುವಷ್ಟು ಗಾಳಿ, ಅಂದರೆ ಸುಮಾರು ಒಂದೂವರೆ ಪಿಎಸ್‌ಐ. ಬಿಸಿಲೇರಿದಾಗ ಅದು ಇನ್ನೊಂದು 70 ಸೆಂಟಿಮೀಟರ್ ಏರುತ್ತದೆ, ಡ್ರಮ್ಮು ತಡೆಯುತ್ತದೆ. ಹಗಲು ಕಾದಾಗ ಹಾಕಬೇಡಿ. ರಾತ್ರಿ ಎಲ್ಲ ಇಳಿದುಹೋಗುತ್ತದೆ.

ಇದರಿಂದ ಇನ್ನೊಂದು ಲಾಭ ಆಯಿತು. ಇನ್ನು ಕೋಲು ಹಿಡಿದು ಬಡಿಯಬೇಕಿಲ್ಲ. ತಿಂಗಳಿಗೊಮ್ಮೆ ಟ್ಯೂಬು ಸಿಕ್ಕಿಸಿದರೆ ಯಾವ ಡ್ರಮ್ಮು ಸೋರುತ್ತಿದೆ ಅಂತ ನೀರು ಹೋಗುವ ಮೊದಲೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಅಗ್ಗದ ರಿಪೇರಿ ಮಾತ್ರ ಹೆಂಡತಿಯದು. ಪಡುವಣ ಬದಿಗೆ ಹೆಣೆದ ತೆಂಗಿನ ಮಡಲು ಇಳಿಬಿಟ್ಟಳು, ನೀರಿಗೆ ತಾಗದಷ್ಟು. ಡ್ರಮ್ಮಿಗೆ ಈಗ ಬಿಸಿಲೇ ಬೀಳುವುದಿಲ್ಲ. ನಾನು ಎರಡು ವಾರ ಒದ್ದಾಡಿದ ಕಾರಣವನ್ನು ಅವಳು ಅರ್ಧ ತಾಸಿನಲ್ಲಿ ಮುಚ್ಚಿದಳು.

ಪಂಪಿಗೆ ಬ್ಯಾಟರಿ ಸಾಕಾಯಿತಾ ಅಂತ ಕೇಳುವವರಿಗೆ: ಸಾಕು. 335 ವ್ಯಾಟಿನ ಒಂದು ಪ್ಯಾನೆಲ್, 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ. ಬೇಸಿಗೆಯಲ್ಲಿ ದಿನಕ್ಕೆ ಒಂದು ಯೂನಿಟ್ಟಿಗಿಂತ ಮೇಲೇ ಬರುತ್ತದೆ. ರಾತ್ರಿಯಿಡೀ 28 ವ್ಯಾಟಿನ ಫ್ಯಾನು, ಮೂರು ಬಲ್ಬು, ಲ್ಯಾಪ್‌ಟಾಪು ಎಲ್ಲ ನಡೆದು ಉಳಿಯುತ್ತದೆ. ಜುಲೈ ಬೇರೆ ಕಥೆ. ಕೆಲವು ದಿನ ಕಾಲು ಯೂನಿಟ್ಟೂ ದಾಟುವುದಿಲ್ಲ, ಆಗ ಫ್ಯಾನು ಬೇಕಾಗುವುದೂ ಇಲ್ಲ. ಕರೆಂಟು ಇಲ್ಲದ ಆ ದಿನಗಳಲ್ಲೇ ನೀರಿಗೆ ಬರ ಇಲ್ಲ. ಮಾಡು ಸುಮಾರು 20 ಚದರ ಮೀಟರ್. 100 ಮಿ.ಮೀ. ಮಳೆ ಹೊಯ್ದ ದಿನ 2000 ಲೀಟರ್ ಬೀಳುತ್ತದೆ, ಟ್ಯಾಂಕಿಗೆ ಹಿಡಿಸುವುದು 300. ಉಳಿದದ್ದು ಹೊಳೆಗೆ. ಏಪ್ರಿಲ್‌ನಲ್ಲಿ ಮಾತ್ರ ಅದೇ ನೀರಿಗೆ ಕ್ಯಾನು ಹೊತ್ತು ದೋಣಿಯಲ್ಲಿ ಓಡಾಟ.

ಟ್ಯಾಂಕನ್ನು ಈಗ ಕೋಣೆಯ ನಡುವಿಗೆ ತಂದಿದ್ದೇವೆ. ನೋಡಲು ಚಂದ ಇಲ್ಲ, ಓಡಾಡುವಾಗ ಮೊಣಕಾಲಿಗೆ ಬಡಿಯುತ್ತದೆ. ಆದರೆ ತುಂಬಿದರೂ ಖಾಲಿಯಾದರೂ ಕಾವಲಿಯ ಎಣ್ಣೆ ಅಲ್ಲಾಡುವುದಿಲ್ಲ.

ಹದಿಮೂರರ ರಬ್ಬರು ಬದಲಿಸಿ, ಹಾಗೇ ತಿರುಗಿಸಿ, ಊದಿ ಕಟ್ಟಿದೆ. ಪಡುವಣ ಸಾಲಿನ ಐದೂ ಮುಗಿದವು. ಮೂಡಣದವು ನಾಲ್ಕು ಆಗಿವೆ. ನಡುವಿನ ಎರಡು ಸಾಲಿಗೆ ಇಷ್ಟು ಅವಸರ ಇಲ್ಲ, ಆದರೂ ಜೂನ್ ಮೊದಲ ವಾರದೊಳಗೆ ಆಗಬೇಕು. ಹೊಸ ನೀರು ಬಂದ ಮೇಲೆ ಸೆಳೆತಕ್ಕೆ ಕೆಳಗೆ ಇಳಿಯುವ ಹಾಗಿಲ್ಲ. ಸದ್ಯ ತಲೆನೋವು ಒಂಬತ್ತನೇದು. ಅದರ ಒತ್ತಡ ಟ್ಯೂಬಿನಲ್ಲಿ ವಾರಕ್ಕೆ 20 ಸೆಂಟಿಮೀಟರ್ ಇಳಿಯುತ್ತಿದೆ. ವಾಲ್ವಿನ ನಟ್ಟೋ, ತಳದ ಬಿರಡೆಯೋ ಗೊತ್ತಿಲ್ಲ. ಮೇಲಿನದಕ್ಕೆ ನಾಳೆ ಸೋಪಿನ ನೊರೆ ಹಚ್ಚಿ ನೋಡುತ್ತೇನೆ. ಗುಳ್ಳೆ ಬರದಿದ್ದರೆ ಮುಂದಿನ ಅಷ್ಟಮಿಗೆ ಅಜ್ಜನನ್ನು ಕರೆಯಬೇಕು. ಬರುವಾಗ ಎಮ್ಮೆಯ ಮಾತು ಮತ್ತೆ ತೆಗೆಯದೆ ಬಿಡುವವನಲ್ಲ.